ಪದ ಪರಿಚಯ: ನೆಲಹಾಸು

ಕಳೆದ ತಿಂಗಳು ಮಡಿಕೇರಿಯ ಒಂದು ಪ್ರದರ್ಶನದಲ್ಲಿ ಮಿಸ್ಟೇರ್ ಯುದ್ಧವಿಮಾನದ 1:72 ಅಳತೆಯ ಮಾದರಿಯೊಂದನ್ನು ಇಟ್ಟಿದ್ದರು. 1965ರ ಸೆಪ್ಟೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಒಯ್ದ ವಿಮಾನ ಆ ಬಗೆಯದು. ಬಣ್ಣ ಹಚ್ಚಿದ ಕೈ ಪಳಗಿದ್ದೇ ಆಗಿತ್ತು. ಮಾದರಿಯ ಕೆಳಗೆ ಕಾಂಕ್ರೀಟ್ ನೆಲದ ಚಿತ್ರವನ್ನು ಮುದ್ರಿಸಿದ ಒಂದು ಹಾಳೆಯಿತ್ತು, ಪಕ್ಕದ ಚೀಟಿಯಲ್ಲಿ ‘ಡಯೋರಾಮಾ’ ಎಂದು ಬರೆದಿತ್ತು. ಬರೀ ನೆಲಹಾಸನ್ನು ಡಯೋರಾಮಾ ಎನ್ನುವ ಈ ತಪ್ಪನ್ನು ನಾನು ಈ ವರ್ಷ ನೋಡಿದ್ದು ಇದು ನಾಲ್ಕನೆಯ ಬಾರಿ. ಮಾದರಿ ಕಟ್ಟುವವರೇ ಚೀಟಿ ಬರೆಯುವಾಗ ಹೀಗೆ ಬರೆದರೆ ನೋಡಲು ಬಂದ ಮಕ್ಕಳು ಅದನ್ನೇ ಕಲಿಯುತ್ತಾರೆ, ಆದ್ದರಿಂದ ಈ ಪದಗಳನ್ನು ಒಮ್ಮೆ ಬಿಡಿಸಿ ಹೇಳಬೇಕಾಗಿದೆ.

ಡಯೋರಾಮಾ ಎಂಬ ಪದವನ್ನು ಗ್ರೀಕಿನ ಎರಡು ಮಾತುಗಳಿಂದ ಕಟ್ಟಲಾಗಿದೆ: ‘ಡಿಯಾ’ ಎಂದರೆ ಮೂಲಕ, ‘ಹೊರಾಮಾ’ ಎಂದರೆ ನೋಟ. 1822ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ಮತ್ತು ಬೂತೋಂ ಎಂಬಿಬ್ಬರು ತೆರೆದ ಪ್ರದರ್ಶನಮಂದಿರದ ಹೆಸರು ಅದು. ಛಾಯಾಚಿತ್ರಣದ ಆರಂಭದ ಹೆಸರುಗಳಲ್ಲಿ ಒಂದಾದ ದಾಗೇರ್ ಇವರೇ. ಕತ್ತಲೆಯಲ್ಲಿದ್ದ ಪ್ರೇಕ್ಷಕರ ಮುಂದೆ ದೊಡ್ಡದೊಂದು ಬಟ್ಟೆಯ ಚಿತ್ರವನ್ನು ಕಟ್ಟಿ, ಅದರ ಮುಂದಿನಿಂದಲೂ ಹಿಂದಿನಿಂದಲೂ ಬೆಳಕನ್ನು ಹಾಯಿಸಿ, ಹಗಲಿನಲ್ಲಿದ್ದ ಕಣಿವೆಯೋ ಗುಡಿಯೋ ನೋಡುತ್ತಿದ್ದಂತೆ ಇರುಳಾಗುವ ಹಾಗೆ ಮಾಡುತ್ತಿದ್ದರು. ಪದ ಮುಂದೆ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಿಗೂ ಅಲ್ಲಿಂದ ಮಾದರಿ ಕಟ್ಟುವವರ ಮೇಜಿಗೂ ಬಂದಾಗ ಬೆಳಕಿನ ಆಟ ಕಳಚಿಹೋಯಿತು, ಆದರೆ ಒಂದು ಗುಣ ಉಳಿಯಿತು: ಅಲ್ಲಿ ಏನೋ ನಡೆಯುತ್ತಿರಬೇಕು. ಇಂಧನದ ಲಾರಿ ವಿಮಾನದ ಬಳಿ ಬಂದು ನಿಂತಿದೆ, ಒಬ್ಬ ಏಣಿಯ ಮೇಲಿದ್ದಾನೆ, ಇನ್ನೊಬ್ಬ ಚಕ್ರದ ಕೆಳಗಿನ ಅಡೆಯನ್ನು ಎಳೆಯುತ್ತಿದ್ದಾನೆ ಎಂದಾಗ ಅದನ್ನು ಡಯೋರಾಮಾ ಎನ್ನಬಹುದು. ಚಪ್ಪಟೆ ಹಾಳೆಯ ಮೇಲೆ ಒಂಟಿ ವಿಮಾನ ನಿಂತಿದ್ದರೆ ಆ ಹೆಸರಿಗೆ ಅಲ್ಲಿ ಆಧಾರವಿಲ್ಲ.

ಹಾಗಾದರೆ ಪೀಠ ಎನ್ನೋಣವೇ ಎಂದು ಕೇಳುವವರಿದ್ದಾರೆ. ಪೀಠ ಮೇಲಿರುವುದನ್ನು ಹೊರುತ್ತದೆ. ಮಡಿಕೇರಿಯ ದೇವಯ್ಯನವರ ಪ್ರತಿಮೆಗೆ ಇರುವುದು ಪೀಠ. ಮಾದರಿಯ ಕೆಳಗಿನ ಮರದ ಹಲಗೆಯನ್ನೂ ಪೀಠ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಹಲಗೆಯ ಮೇಲೆ ಅಂಟಿಸಿದ ಮುದ್ರಿತ ಹಾಳೆ ಭಾರ ಹೊರುವುದಿಲ್ಲ, ನೆಲದಂತೆ ಕಾಣುವುದಷ್ಟೇ ಅದರ ಕೆಲಸ. ಅದಕ್ಕೆ ಒಪ್ಪುವ ಮಾತು ನೆಲಹಾಸು. ವಿಮಾನವನ್ನು ಹಾರುವ ಭಂಗಿಯಲ್ಲಿ ಎತ್ತಿ ಹಿಡಿಯುವ ಕಡ್ಡಿಯ ಸ್ಟ್ಯಾಂಡ್ ಬೇರೆಯದೇ ವಸ್ತು. ಊಟದ ತಟ್ಟೆಯನ್ನು ಎತ್ತರಿಸಿ ಇಡುತ್ತಿದ್ದ ಅಡ್ಡಣಿಗೆಯ ಹೆಸರನ್ನು ಅದಕ್ಕೆ ಕೊಟ್ಟರೆ ಚೆನ್ನಾಗಿರುತ್ತದೆಂದು ನನಗೆ ಬಹುಕಾಲದಿಂದ ಅನಿಸಿದೆ.

ಹಾಸು ಎಂಬುದು ಹಳಗನ್ನಡದಲ್ಲಿ ಪಾಸು. ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾದದ್ದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಕೊಡವ ತಕ್ಕಿನಲ್ಲಿ ಪುತ್ತರಿ ಎನ್ನುವ ಹಬ್ಬವನ್ನೇ ಕನ್ನಡದಲ್ಲಿ ಹುತ್ತರಿ ಎಂದು ಬರೆಯುತ್ತೇವೆ. ತಮಿಳಿನಲ್ಲಿ ಚಾಪೆಗೆ ಇರುವ ಪಾಯ್ ಎಂಬ ಮಾತು ಇದೇ ಬಳ್ಳಿಯದು. ಹಾಸುವುದು ಎಂದರೆ ಒಂದರ ಮೇಲೆ ಇನ್ನೊಂದನ್ನು ಚಪ್ಪಟೆಯಾಗಿ ಹರಡುವುದು. ಹಾಸುಗಲ್ಲು, ಹಾಸಿಗೆ, ಹಾಸುಹೊಕ್ಕು ಎಂಬ ಮಾತುಗಳನ್ನೆಲ್ಲ ಬಳಸುವ ನಾವು ಮುದ್ರಿತ ಹಾಳೆಯ ವಿಷಯಕ್ಕೆ ಬಂದಾಗ ಮಾತ್ರ ಹೆಸರಿಗಾಗಿ ತಡಕಾಡುತ್ತೇವೆ.

‘ಮುದ್ರಿತ’ ಎಂಬ ವಿಶೇಷಣದಲ್ಲೂ ಈಗ ಗೊಂದಲವಿದೆ. ತ್ರಿಡಿ ಪ್ರಿಂಟರಿನಿಂದ ಪದರ ಪದರವಾಗಿ ಎಬ್ಬಿಸಿದ ಪೀಠವನ್ನೂ ಮುದ್ರಿತ ಎನ್ನುತ್ತಾರೆ. ಅದು ಉಬ್ಬುತಗ್ಗುಳ್ಳ ಗಟ್ಟಿ ವಸ್ತುವಾದ್ದರಿಂದ ಅದನ್ನು ನೆಲಹಾಸು ಎನ್ನಬಾರದು.

ಹೆಸರಿಗಿಂತ ಹೆಚ್ಚು ಎಡವುವುದು ಅಳತೆಯಲ್ಲಿ. 1:72 ಎಂದರೆ ಆರು ಅಡಿಗೆ ಒಂದು ಅಂಗುಲ, 1:48 ಎಂದರೆ ಒಂದು ಅಡಿಗೆ ಕಾಲು ಅಂಗುಲ. ಎರಡನೆಯ ಸಂಖ್ಯೆ ಹಿರಿದಾದಷ್ಟೂ ಮಾದರಿ ಕಿರಿದು. ನೆಲಹಾಸಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಮರೆಯುತ್ತಾರೆ. ಪ್ರತಿ ಬದಿ ನಾಲ್ಕೂವರೆ ಮೀಟರ್ ಇರುವ ಚೌಕ ಕಾಂಕ್ರೀಟ್ ಚಪ್ಪಡಿ ಎಂದಿಟ್ಟುಕೊಂಡರೆ ಅದರ ಬದಿ 1:72ರಲ್ಲಿ 62.5 ಮಿಲಿಮೀಟರ್, 1:48ರಲ್ಲಿ 93.75 ಮಿಲಿಮೀಟರ್ ಆಗಬೇಕು. 1:48ಕ್ಕೆಂದು ಬರೆದ ಹಾಸಿನ ಮೇಲೆ 1:72ರ ವಿಮಾನವನ್ನು ನಿಲ್ಲಿಸಿದರೆ ಚಪ್ಪಡಿಗಳು ಒಂದೂವರೆ ಪಟ್ಟು ದೊಡ್ಡದಾಗಿ ಕಂಡು, ವಿಮಾನ ಮಕ್ಕಳ ಆಟಿಕೆಯಂತಾಗುತ್ತದೆ. ಎ4 ಹಾಳೆಯ ಮಿತಿಯನ್ನೂ ಮೊದಲೇ ನೋಡಿಕೊಳ್ಳಬೇಕು. ಮಿಸ್ಟೇರಿನ ರೆಕ್ಕೆಯ ಹರವು ಸುಮಾರು 11.1 ಮೀಟರ್, ಅಂದರೆ 1:72ರಲ್ಲಿ 154 ಮಿಲಿಮೀಟರ್. 210 ಮಿಲಿಮೀಟರ್ ಅಗಲದ ಹಾಳೆಯಲ್ಲಿ ಅದು ಸರಾಗವಾಗಿ ಕೂರುತ್ತದೆ. 1:48ರಲ್ಲಿ ಅದೇ ರೆಕ್ಕೆ 231 ಮಿಲಿಮೀಟರ್ ಆಗಿ ಎರಡೂ ಕಡೆ ಹೊರಗೆ ಚಾಚುತ್ತದೆ, ಆದ್ದರಿಂದ ಎ3 ಬೇಕು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮುದ್ರಿಸುವಾಗ ‘ಫಿಟ್ ಟು ಪೇಜ್’ ಒತ್ತಿದರೆ ಚಿತ್ರ ಸದ್ದಿಲ್ಲದೆ ಕುಗ್ಗುತ್ತದೆ. ‘ಆ್ಯಕ್ಚುವಲ್ ಸೈಜ್’ ಎಂದೇ ಹೇಳಿ ಮುದ್ರಿಸಿ, ಅಂಗಡಿಯಲ್ಲೇ ಸ್ಕೇಲ್ ಇಟ್ಟು ಒಂದು ಚಪ್ಪಡಿಯನ್ನು ಅಳೆದು ನೋಡಬೇಕು.

ಹಾಸಿನ ಚಿತ್ರವೂ ವಿಮಾನಕ್ಕೆ ಸಲ್ಲಬೇಕು. ಮಿಸ್ಟೇರ್ ಹಡಗಿನಿಂದ ಹಾರುವ ವಿಮಾನವಲ್ಲ. ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು 1965ರಲ್ಲಿ ಹೊರಟದ್ದು ಪಂಜಾಬಿನ ಆದಂಪುರದಿಂದ. ಆದರೂ ಅದನ್ನು ವಿಮಾನವಾಹಕ ಹಡಗಿನ ಅಟ್ಟದ (ಡೆಕ್) ಚಿತ್ರದ ಮೇಲೆ ನಿಲ್ಲಿಸಿದ್ದನ್ನು ಕಂಡಿದ್ದೇನೆ. ಆ ಅಟ್ಟ ವಿಕ್ರಾಂತ್ ಹಡಗಿನಿಂದ ಹಾರುತ್ತಿದ್ದ ನೌಕಾಪಡೆಯ ಸೀ ಹಾಕ್ ವಿಮಾನಕ್ಕೆ ಒಪ್ಪುತ್ತದೆ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದ ದೇವಯ್ಯನವರ ನೆನಪಿಗೆಂದು ಮಾದರಿಯನ್ನು ಇಡುವಾಗ ಅದರ ಕಾಲ ಕೆಳಗಿನ ನೆಲ ಯಾವುದೆಂದು ವಿಚಾರಿಸುವಷ್ಟು ವ್ಯವಧಾನ ನಮಗಿರಬೇಕು.

ಕೊಡಗಿನ ಮಳೆಗಾಲಕ್ಕೆ ಸಂಬಂಧಿಸಿದ ಒಂದು ಮಾತು ಬಾಕಿ ಇದೆ. ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ ಬರೀ ಕಾಗದ ಜೂನ್ ಮುಗಿಯುವುದರೊಳಗೆ ತೇವ ಹೀರಿ ಅಲೆಯಲೆಯಾಗಿ ಏಳುತ್ತದೆ, ವಿಮಾನದ ಮೂರು ಚಕ್ರಗಳಲ್ಲಿ ಒಂದು ಗಾಳಿಯಲ್ಲಿ ನಿಲ್ಲುತ್ತದೆ. ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಗೆ ಅಂಟಿಸಿದರೆ ಹಾಸು ಸಮತಟ್ಟಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸುವುದಾದರೆ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಎಂದು ಒತ್ತಿ ಹೇಳಬೇಕು, ಹೇಳದಿದ್ದರೆ ಹೊಳೆಯುವುದನ್ನೇ ಹಾಕಿಕೊಡುತ್ತಾರೆ, ಆಗ ದೀಪದ ಕೆಳಗೆ ಕಾಂಕ್ರೀಟ್ ನೆಲ ನೀರು ನಿಂತ ಗದ್ದೆಯಂತೆ ಕಾಣುತ್ತದೆ.