ಹನ್ನೆರಡರಲ್ಲಿ ಹತ್ತು ಮತ: ಲೂಸಿಯಾನಾದ ಜ್ಯೂರಿ ಕಾನೂನು ಓದುವ ಬಗೆ

ಅಮೆರಿಕದ ಸಂವಿಧಾನವನ್ನು ಓದಲು ಹೊರಟವರು ಸಾಮಾನ್ಯವಾಗಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಶುರುಮಾಡುತ್ತಾರೆ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಅದನ್ನು ಬಿಟ್ಟು 2020ರ 'ರಾಮೋಸ್ ವಿರುದ್ಧ ಲೂಸಿಯಾನಾ' ತೀರ್ಪನ್ನು ಓದಿದರೆ ಅರ್ಧವಷ್ಟೇ ದಕ್ಕುತ್ತದೆ.

ಆ ಮೊಕದ್ದಮೆಯಲ್ಲಿ 12 ಜ್ಯೂರರ್‌ಗಳ (ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ) ಪೈಕಿ 10 ಮಂದಿ ಆರೋಪಿ ರಾಮೋಸ್ ತಪ್ಪಿತಸ್ಥನೆಂದರು, ಇಬ್ಬರು ಒಪ್ಪಲಿಲ್ಲ. ಲೂಸಿಯಾನಾ, ಆರೆಗನ್ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಸರ್ವಾನುಮತ ಬೇಕಿದ್ದರಿಂದ ಇಷ್ಟಕ್ಕೆ ಶಿಕ್ಷೆಯಾಗುತ್ತಿರಲಿಲ್ಲ. ಲೂಸಿಯಾನಾದಲ್ಲಿ ಪರೋಲ್ ಇಲ್ಲದ ಜೀವಾವಧಿಯಾಯಿತು.

ಈ ನಿಯಮದ ಬೇರು 1898ರ ರಾಜ್ಯ ಸಂವಿಧಾನದಲ್ಲಿದೆ. ಕಪ್ಪು ಜನರನ್ನು ಕಾನೂನಿನ ಮೂಲಕ ಜ್ಯೂರಿಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1880ರಲ್ಲೇ ಹೇಳಿತ್ತು. ಲೂಸಿಯಾನಾದ ಪ್ರತಿನಿಧಿಗಳು ಅದಕ್ಕೆ ಲೆಕ್ಕದ ದಾರಿ ಹುಡುಕಿದರು: ಮರಣದಂಡನೆಯಿಲ್ಲದ ಗಂಭೀರ ಪ್ರಕರಣಗಳಿಗೆ 9 ಮತ ಸಾಕು. ಜ್ಯೂರಿಯಲ್ಲಿ ಮೂವರು ಕಪ್ಪು ಜನರು ಕೂತರೂ ಅವರ ಮತ ಬೇಕಾಗಿಯೇ ಇಲ್ಲ. ಕಲಮಿನಲ್ಲಿ ಜನಾಂಗದ ಪ್ರಸ್ತಾಪವೇ ಇಲ್ಲ. ಪಠ್ಯವನ್ನಷ್ಟೇ ಓದುವವರು ಎಡವುವುದು ಇಲ್ಲೇ. ಬಿಳಿಯರ ಪ್ರಾಬಲ್ಯವನ್ನು ನೆಲೆಗೊಳಿಸುವುದೇ ತಮ್ಮ ಗುರಿ ಎಂದು ಆ ಸಂವಿಧಾನ ರಚಿಸಿದ ಸಮಾವೇಶದ ನಡಾವಳಿಯಲ್ಲಿ ಬಾಯಿಬಿಟ್ಟೇ ಹೇಳಿದ್ದಾರೆ. ರಾಜ್ಯದ ಯಾವ ಕಲಮನ್ನು ಓದುವಾಗಲೂ ಅದು ಸೇರಿದ ವರ್ಷದ ನಡಾವಳಿ ಪಕ್ಕದಲ್ಲಿರಲೇಬೇಕು.

1974ರ ಸಂವಿಧಾನ 9ನ್ನು 10ಕ್ಕೇರಿಸಿತು. 2018ರಲ್ಲಿ ಮತದಾರರು ನಿಯಮವನ್ನೇ ರದ್ದುಮಾಡಿದರು, ಆದರೆ 2019ರ ಜನವರಿ 1ರಿಂದ ನಡೆದ ಅಪರಾಧಗಳಿಗೆ ಮಾತ್ರ. ಹಳೆಯ ಪ್ರಕರಣವಾದ ರಾಮೋಸ್‌ಗೆ ಅದರ ಲಾಭ ಸಿಗಲಿಲ್ಲ.

ಸುಪ್ರೀಂ ಕೋರ್ಟ್ ಕೂಡ 1972ರಲ್ಲಿ ತೊಡಕು ಮಾಡಿಟ್ಟಿತ್ತು. ಜ್ಯೂರಿ ವಿಚಾರಣೆಯ ಹಕ್ಕು ಕೊಡುವ ಅಮೆರಿಕದ ಸಂವಿಧಾನದ ಆರನೇ ತಿದ್ದುಪಡಿಯ ಪ್ರಕಾರ ಜ್ಯೂರಿಯ ಸರ್ವಾನುಮತ ಬೇಕೆಂದು ಐವರು ನ್ಯಾಯಮೂರ್ತಿಗಳು ಒಪ್ಪಿದರೂ, ಅವರಲ್ಲಿ ನ್ಯಾಯಮೂರ್ತಿ ಪೊವೆಲ್ ಅದು ಫೆಡರಲ್ (ಕೇಂದ್ರ) ಕೋರ್ಟ್‌ಗಳ ವಿಚಾರಣೆಗೆ ಮಾತ್ರ ಅನ್ವಯ ಎಂದರು. ಆ ಒಂದು ಅಭಿಪ್ರಾಯದ ಬಲದಿಂದ ಲೂಸಿಯಾನಾ, ಆರೆಗನ್ ಎರಡರ ನಿಯಮಗಳೂ 48 ವರ್ಷ ಉಳಿದವು.

2020ರಲ್ಲಿ ರಾಮೋಸ್ ತೀರ್ಪಿನಿಂದ ನಿಯಮ ಬಿತ್ತು. ಓದು ಅಲ್ಲಿಗೇ ನಿಲ್ಲಬಾರದು. ಆಗ ನೇರ ಮೇಲ್ಮನವಿ ಬಾಕಿಯಿದ್ದವರಿಗೆ ತೀರ್ಪು ಅನ್ವಯಿಸಿತು. ಮೇಲ್ಮನವಿ ಮುಗಿಸಿ ಜೈಲಿನಲ್ಲಿದ್ದವರಿಗೆ ಫೆಡರಲ್ ಹೇಬಿಯಸ್ (ಬಂಧನ ಕಾನೂನುಬದ್ಧವೇ ಎಂದು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ) ಬಾಗಿಲು 2021ರಲ್ಲಿ ಮುಚ್ಚಿತು. ಆದರೆ ರಾಜ್ಯ ಕೋರ್ಟ್‌ಗಳು ತಮ್ಮ ಹಳೆಯ ಪ್ರಕರಣಗಳಿಗೆ ಹೊಸ ನಿಯಮ ಅನ್ವಯಿಸಬಹುದು ಎಂಬುದು 2008ರಲ್ಲೇ ಇತ್ಯರ್ಥವಾಗಿತ್ತು. 2022ರಲ್ಲಿ ಆರೆಗನ್‌ನ ಸುಪ್ರೀಂ ಕೋರ್ಟ್ ಅನ್ವಯಿಸಿತು, ಲೂಸಿಯಾನಾದ್ದು ಒಪ್ಪಲಿಲ್ಲ. ಒಂದೇ ಬಗೆಯ 10-2 ತೀರ್ಪು ಪಡೆದ ಹಳೆಯ ಕೈದಿಗಳಲ್ಲಿ ಆರೆಗನ್‌ನವರಿಗೆ ಪರಿಹಾರವಿದೆ, ಲೂಸಿಯಾನಾದವರಿಗೆ ಇಲ್ಲ. ಇದು ನನ್ನ ದೃಷ್ಟಿಯಲ್ಲಿ ಘೋರ ಅನ್ಯಾಯ.