ಕಾಫಿ ತೋಟದ ನಾಯಿಗೆ ಏನು ಹಾಕಬೇಕು?

ಕೊಡಗಿನಲ್ಲಿ ತೋಟದ ಮನೆಯೆಂದ ಮೇಲೆ ನಾಯಿ ಇರಲೇಬೇಕು. ಕಾರ್ಮಿಕರ ಲೈನ್ ಮನೆಗಳ ಅಂಗಳದಲ್ಲೂ ಒಂದೆರಡು ಇದ್ದೇ ಇರುತ್ತವೆ. ರಾತ್ರಿಯಿಡೀ ಕಾವಲು ಕಾಯುವ ಈ ಜೀವಕ್ಕೆ ಬಹಳಷ್ಟು ಮನೆಗಳಲ್ಲಿ ಸಿಗುವುದು ಉಳಿದ ಅನ್ನ, ಅದರ ಮೇಲೊಂದು ಸೌಟು ಸಾರು, ಭಾನುವಾರವಾದರೆ ಮೂಳೆ. ಇನ್ನು ಕೆಲವು ಮನೆಗಳಲ್ಲಿ ಮಡಿಕೇರಿಯಿಂದಲೋ ಕುಶಾಲನಗರದಿಂದಲೋ ತಂದ ದುಬಾರಿ ಚೀಲದ ಆಹಾರ, ಜೊತೆಗೆ ಕ್ಯಾಲ್ಸಿಯಂ ಸಿರಪ್, ವಿಟಮಿನ್ ಮಾತ್ರೆ. ಎರಡೂ ಕಡೆ ಪ್ರೀತಿಗೆ ಕೊರತೆಯಿಲ್ಲ. ನಾಯಿಯ ದೇಹ ಬಹುಪಾಲು ವಿಷಯಗಳಲ್ಲಿ ನಮ್ಮ ದೇಹದಂತೆಯೇ ನಡೆಯುತ್ತದೆ, ಬೇರೆಯಾಗುವುದು ಕೆಲವೇ ಕಡೆಗಳಲ್ಲಿ. ಆ ಕೆಲವು ಕಡೆಗಳು ಯಾವುವು ಎಂದು ತಿಳಿದುಕೊಂಡರೆ ಊಟದ ಆಯ್ಕೆ ಸುಲಭವಾಗುತ್ತದೆ. ಕೊಡಗಿನವರು ಇದನ್ನು ತಿಳಿಯಲೇಬೇಕಾದ ಕಾರಣವೂ ಇದೆ: ನಮ್ಮ ಅಡುಗೆಮನೆ ಮತ್ತು ತೋಟದಲ್ಲಿರುವ ಹಲವು ಪದಾರ್ಥಗಳು ನಾಯಿಯ ದೇಹ ತಡೆಯಲಾರದಂಥವು.

ಮೊದಲು ಅನ್ನದ ವಿಷಯ. ನಾಯಿ ತೋಳದ ವಂಶದ್ದು, ಅದಕ್ಕೆ ಮಾಂಸವೇ ಬೇಕು, ಅನ್ನ ಹಾಕುವುದು ತಪ್ಪು ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. ಇದು ಅರ್ಧ ಸತ್ಯ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ನಾಯಿ ಮತ್ತು ತೋಳಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿಗಳಲ್ಲಿತ್ತು; ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಪ್ರತಿಗಳಿದ್ದವು. ಮನುಷ್ಯರ ಬಳಿ ಸಾವಿರಾರು ವರ್ಷ ಬದುಕಿದ ಪ್ರಾಣಿ ಮನುಷ್ಯರ ಕಾಳುಕಡ್ಡಿಗೆ ಹೊಂದಿಕೊಂಡಿದೆ. ಹಾಗಾಗಿ ಚೆನ್ನಾಗಿ ಬೆಂದ ಅನ್ನ, ಅಕ್ಕಿತರಿಯ ಕಡಂಬುಟ್ಟಿನ ತುಂಡು, ರಾಗಿ ಮುದ್ದೆ ಇವೆಲ್ಲ ನಾಯಿಗೆ ಜೀರ್ಣವಾಗುತ್ತವೆ. ತೊಂದರೆ ಇರುವುದು ಅನ್ನದ ಜೊತೆ ಏನಿಲ್ಲ ಎಂಬುದರಲ್ಲಿ.

ನೂರು ಗ್ರಾಂ ಅನ್ನದಲ್ಲಿ ಪ್ರೋಟೀನು ಮೂರು ಗ್ರಾಮಿಗಿಂತ ಕಡಿಮೆ. ಅದಕ್ಕೆ ಕೋಳಿಮಾಂಸ ಸೇರಿಸಿದರೆ ಪ್ರೋಟೀನು ಸರಿಹೋಗುತ್ತದೆ, ಆದರೆ ಇನ್ನೊಂದು ಲೆಕ್ಕ ತಪ್ಪುತ್ತದೆ. ನಾಯಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿರಬೇಕು ಅಥವಾ ಹೆಚ್ಚೆಂದರೆ ಎರಡು ಪಟ್ಟಿರಬೇಕು. ಮೂಳೆಯಿಲ್ಲದ ಕೋಳಿಮಾಂಸದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯದಂತೆ ನೋಡಿಕೊಳ್ಳಲು ದೇಹ ತನ್ನ ಮೂಳೆಯಿಂದಲೇ ಅದನ್ನು ಕರಗಿಸಿ ತೆಗೆಯುತ್ತದೆ. ಅನ್ನ ಮತ್ತು ಮಾಂಸವನ್ನಷ್ಟೇ ತಿಂದು ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದು, ಸಣ್ಣ ಜಿಗಿತಕ್ಕೇ ಮೂಳೆ ಮುರಿಯುವುದು ಇದರಿಂದಲೇ. 2013ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಪುಸ್ತಕ ಮತ್ತು ಜಾಲತಾಣಗಳಿಂದ ಆರಿಸಿದ 200 ಮನೆಯಡುಗೆ ಪಾಕಗಳನ್ನು ಪರೀಕ್ಷಿಸಿದಾಗ ಶೇಕಡಾ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಕೆಲವನ್ನು ಪಶುವೈದ್ಯರೇ ಬರೆದಿದ್ದರು.

ಹಾಗೆಂದು ಮನೆಯಡುಗೆ ಬಿಡಬೇಕಾಗಿಲ್ಲ. ಮೊಟ್ಟೆಯ ಓಡನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದರೆ ಅದು ಹೆಚ್ಚುಕಡಿಮೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಓಡಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ; ಹತ್ತು ಕಿಲೊ ತೂಗುವ ಬೆಳೆದ ನಾಯಿಗೆ ದಿನಕ್ಕೆ ಬೇಕಾದದ್ದು ಒಂದು ಗ್ರಾಮಿಗೂ ಕಡಿಮೆ. ಅಂದರೆ ಅರ್ಧ ಓಡಿನ ಪುಡಿಯೂ ಬೇಕಾಗುವುದಿಲ್ಲ. ವಾರಕ್ಕೊಮ್ಮೆ ಚೂರು ಈಲಿ, ಮೊಟ್ಟೆಯ ಹಳದಿ, ಬೇಯಿಸಿದ ಮತ್ತಿ ಮೀನು ಸೇರಿಸಿ. ಇದರ ಹಿಂದೆ ಇನ್ನೊಂದು ವ್ಯತ್ಯಾಸವಿದೆ: ನಾವು ಬಿಸಿಲಿಗೆ ನಿಂತರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ, ನಾಯಿಯ ಚರ್ಮಕ್ಕೆ ಆ ಶಕ್ತಿ ಬಹಳ ಕಡಿಮೆ. ಅದಕ್ಕೆ ಡಿ ಬರಬೇಕಾದದ್ದು ತಟ್ಟೆಯಿಂದಲೇ. ವಿಟಮಿನ್ ಸಿ ವಿಷಯದಲ್ಲಿ ಇದು ತಿರುಗುಮುರುಗು. ಅದನ್ನು ನಾಯಿಯ ಯಕೃತ್ತು ತಾನೇ ತಯಾರಿಸಿಕೊಳ್ಳುತ್ತದೆ, ಹೊರಗಿನಿಂದ ಕೊಡಬೇಕಾಗಿಲ್ಲ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕುರಿ, ಆಡು, ಹಂದಿ ಕಡಿದಾಗ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿ. ಅವುಗಳಲ್ಲಿ ಹೈಡಾಟಿಡ್ ಎಂಬ ಲಾಡಿಹುಳುವಿನ ನೀರುಗುಳ್ಳೆಗಳಿರಬಹುದು. ನಾಯಿಯ ಕರುಳಿನಲ್ಲಿ ಅವು ಹುಳುಗಳಾಗಿ ಬೆಳೆಯುತ್ತವೆ, ಮೊಟ್ಟೆಗಳು ಮಲದೊಂದಿಗೆ ಹೊರಬಂದು ಅಂಗಳದಲ್ಲಿ ಆಡುವ ಮಕ್ಕಳ ಕೈಸೇರುತ್ತವೆ. ಮನುಷ್ಯನ ಯಕೃತ್ತಿನಲ್ಲಿ ಈ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಚೆನ್ನಾಗಿ ಕುದಿಸಿದರೆ ಆ ಭಯವಿಲ್ಲ. ಬೆಂದ ಮೂಳೆಗಳ ಸಂಗತಿ ಬೇರೆ: ಅವು ಚೂಪಾಗಿ ಸೀಳಿ ಗಂಟಲು, ಕರುಳನ್ನು ಗಾಯಗೊಳಿಸುತ್ತವೆ. ಮಾಂಸ ಬಿಡಿಸಿ ಹಾಕಿ, ಮೂಳೆ ಎಸೆಯಿರಿ.

ಏನು ಹಾಕುತ್ತೇವೆ ಎಂಬುದಕ್ಕಿಂತ ಎಷ್ಟು ಹಾಕುತ್ತೇವೆ ಎಂಬುದೇ ಆಯುಷ್ಯವನ್ನು ಹೆಚ್ಚು ನಿರ್ಧರಿಸುತ್ತದೆಂದು ನನಗೆ ಅನ್ನಿಸುತ್ತದೆ. ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯ ವಿಜ್ಞಾನಿಗಳು 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಾಗಿದ್ದಾಗಿನಿಂದ ಸಾಯುವವರೆಗೂ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟಿದ್ದರು. ಆಹಾರ ಅದೇ, ಪ್ರಮಾಣ ಮಾತ್ರ ಬೇರೆ. ಕಡಿಮೆ ತಿಂದವುಗಳ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಕೀಲುನೋವೂ ತಡವಾಗಿ ಬಂತು. ನಿಮ್ಮ ನಾಯಿ ದಪ್ಪವೋ ಸರಿಯೋ ಎಂದು ತಿಳಿಯಲು ತಕ್ಕಡಿ ಬೇಡ. ಕೈ ಚಾಚಿ ಅಂಗೈ ಕೆಳಗೆ ಮಾಡಿ, ಇನ್ನೊಂದು ಕೈಯ ಬೆರಳಿನಿಂದ ಹಿಂಗೈ ಮೂಳೆಗಳನ್ನು ಸವರಿ ನೋಡಿ. ನಾಯಿಯ ಪಕ್ಕೆಲುಬು ಹಾಗೆಯೇ ತೆಳು ಪದರದ ಕೆಳಗೆ ಕೈಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಅದು ದಪ್ಪ.

ಬಿಸ್ಕತ್ತಿನ ಲೆಕ್ಕ ಇಲ್ಲೇ ಬರುತ್ತದೆ. ಹತ್ತು ಕಿಲೊ ತೂಗುವ, ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಸಾಕು. ತಿಂಡಿತಿನಿಸುಗಳಿಂದ ಬರುವುದು ಅದರ ಹತ್ತನೇ ಒಂದು ಭಾಗವನ್ನು ಮೀರಬಾರದು, ಅಂದರೆ 63. ಸಾಮಾನ್ಯ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ಕ್ಯಾಲೊರಿ. ಬೆಳಗಿನ ಕಾಫಿಯ ಹೊತ್ತಿಗೆ ಅಜ್ಜ ಎರಡು, ಮೊಮ್ಮಗ ಎರಡು ಹಾಕಿದರೆ ದಿನದ ಪಾಲು ಅಲ್ಲಿಗೇ ಮುಗಿದು ಮೀರಿತು. ತರಬೇತಿಗೆ ಬೇಯಿಸಿದ ಕೋಳಿಯ ಕಡಲೆಗಾತ್ರದ ಚೂರು, ಕ್ಯಾರೆಟ್ ತುಂಡು, ಬೀನ್ಸ್ ಸಾಕು. ನಾಯಿ ಖುಷಿಪಡುವುದು ತಿನಿಸು ಸಿಕ್ಕಿದ್ದಕ್ಕೆ, ಅದು ದೊಡ್ಡದಾಗಿತ್ತೆಂದಲ್ಲ.

ಚೀಲದ ಆಹಾರ ಕೊಳ್ಳುವವರು ಮುಂಬದಿಯ ಚಿತ್ರ ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಒಣ ಆಹಾರದಲ್ಲಿ 24 ಶೇಕಡಾ ಪ್ರೋಟೀನು, ಡಬ್ಬಿಯ ಹಸಿ ಆಹಾರದಲ್ಲಿ 8 ಶೇಕಡಾ ಎಂದಿದ್ದರೆ ಮೊದಲಿನದೇ ಮೇಲು ಎನಿಸುತ್ತದೆ. ನೀರು ತೆಗೆದು ಲೆಕ್ಕ ಹಾಕಿ. ಒಣದ್ದರಲ್ಲಿ ತೇವಾಂಶ 10, ಉಳಿದ 90ರಲ್ಲಿ ಪ್ರೋಟೀನು 24, ಅಂದರೆ ಸುಮಾರು 27 ಶೇಕಡಾ. ಡಬ್ಬಿಯಲ್ಲಿ ತೇವಾಂಶ 78, ಉಳಿದ 22ರಲ್ಲಿ 8, ಅಂದರೆ 36 ಶೇಕಡಾ. ‘ಸಂಪೂರ್ಣ ಮತ್ತು ಸಮತೋಲಿತ’ ಎಂಬ ಮಾತು, ಅದು ಮರಿಗೋ ಬೆಳೆದ ನಾಯಿಗೋ ಎಂಬ ವಿವರ, ತಯಾರಾದ ತಾರೀಕು ಇವನ್ನು ನೋಡಿ. ‘ಧಾನ್ಯರಹಿತ’ ಎಂಬ ಪದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಧಾನ್ಯದ ಬದಲು ಬಟಾಣಿ, ಬೇಳೆಗಳನ್ನು ಹೆಚ್ಚಾಗಿ ತುಂಬಿದ ಆಹಾರಕ್ಕೂ ಹೃದಯದ ಸ್ನಾಯು ದುರ್ಬಲವಾಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2018ರಲ್ಲಿ ತನಿಖೆ ಆರಂಭಿಸಿತ್ತು.

ಕೊಡಗಿನ ಮಳೆಗಾಲಕ್ಕೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸಲು ಹಿಡಿಯುವ ಊರಿನಲ್ಲಿ ಹತ್ತು ಕಿಲೊ ಚೀಲ ಬಿಚ್ಚಿಟ್ಟರೆ ಆಹಾರ ತೇವ ಹೀರುತ್ತದೆ. ಜೋಳ, ಕಡಲೆಕಾಯಿಯಂಥ ಪದಾರ್ಥಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಬೂಸಲು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಯಕೃತ್ತನ್ನು ಕೆಡಿಸುತ್ತದೆ. ಕುದಿಸಿದರೂ ಈ ವಿಷ ಹೋಗುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಸಣ್ಣ ಚೀಲ ತನ್ನಿ, ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆ ಬಂದರೆ ಎಸೆದುಬಿಡಿ, ಕೋಳಿಗೂ ಹಾಕಬೇಡಿ.

ಔಷಧದಂಗಡಿಯ ಪೂರಕಗಳಲ್ಲಿ ಹೆಚ್ಚಿನವು ಬೇಕಾಗಿಲ್ಲ. ಸಂಪೂರ್ಣ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಸಿರಪ್ ಕುಡಿಸುವುದಂತೂ ಅಪಾಯ. ಎಳೆಯ ಮರಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಸಿಕ್ಕಿದ್ದನ್ನೆಲ್ಲ ಹೀರಿ ಮೂಳೆ ಮತ್ತು ಕೀಲುಗಳ ಬೆಳವಣಿಗೆ ಕೆಡುತ್ತದೆ. ರಾಟ್‌ವೈಲರ್, ಜರ್ಮನ್ ಶೆಫರ್ಡ್ ಸಾಕುವವರು ಇದನ್ನು ನೆನಪಿಡಬೇಕು. ಕೀಲುನೋವಿಗೆ ಮೀನೆಣ್ಣೆಯ ಒಮೆಗಾ-3ರಿಂದ ಸ್ವಲ್ಪ ಉಪಯೋಗವಿದೆ. ಗ್ಲೂಕೋಸಮೈನ್ ಪರವಾದ ಪುರಾವೆ ದುರ್ಬಲ. ಮೀನೆಣ್ಣೆಯೆಂದು ಕಾಡ್ ಲಿವರ್ ಎಣ್ಣೆಯನ್ನು ಧಾರಾಳವಾಗಿ ಹಾಕಿದರೆ ಎ ಮತ್ತು ಡಿ ವಿಟಮಿನ್‌ಗಳು ಮಿತಿಮೀರುತ್ತವೆ.

ಈಗ ನಮ್ಮ ಊರಿನ ವಿಷಗಳಿಗೆ ಬರೋಣ. ಕೈಲ್‌ಪೊಳ್ದ್ ಹಬ್ಬದ ದಿನ ಪಂದಿಕರಿ ಮಾಡದ ಕೊಡವ ಮನೆಯಿಲ್ಲ, ಅದರ ಗಸಿ ಕಲಸಿದ ಅನ್ನ ನಾಯಿಗೂ ಹೋಗುತ್ತದೆ. ಹಂದಿಯ ಕೊಬ್ಬು ಒಮ್ಮೆಲೇ ಹೆಚ್ಚಾಗಿ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಅದಕ್ಕಿಂತ ಗುಟ್ಟಾದ ಹಾನಿ ಈರುಳ್ಳಿ ಮತ್ತು ಬೆಳ್ಳುಳ್ಳಿಯದು. ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳ ಹಿಮೋಗ್ಲೋಬಿನನ್ನು ಕೆಡಿಸುತ್ತವೆ, ಕಣಗಳು ಒಡೆಯುತ್ತವೆ. ಕಿಲೊ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. ಬೇಯಿಸಿದರೂ ಹುರಿದರೂ ಗುಣ ಬದಲಾಗುವುದಿಲ್ಲ, ದಿನವೂ ಸ್ವಲ್ಪ ಸ್ವಲ್ಪ ಹೋದರೂ ಸಾಲುತ್ತದೆ. ಲಕ್ಷಣಗಳು ಕಾಣುವುದು ಹಲವು ದಿನಗಳ ನಂತರ: ಒಸಡು ಬಿಳಿಚಿಕೊಳ್ಳುತ್ತದೆ, ನಾಯಿ ಏಳಲಾರದೆ ಮಲಗುತ್ತದೆ, ಮೂತ್ರ ಕಾಫಿಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಹಬ್ಬದ ಊಟ ಯಾರಿಗೂ ನೆನಪಿರುವುದಿಲ್ಲ. ಇದಕ್ಕೆ ಉಪಾಯ ಸುಲಭ. ಮಾಂಸ ತೊಳೆದು ಬೇಯಲಿಟ್ಟಾಗಲೇ, ಉಪ್ಪು, ಈರುಳ್ಳಿ, ಮಸಾಲೆ ಬೀಳುವ ಮೊದಲೇ, ಕೊಬ್ಬಿಲ್ಲದ ನಾಲ್ಕು ತುಂಡುಗಳನ್ನು ನಾಯಿಯ ಪಾಲೆಂದು ಬೇರೆ ಪಾತ್ರೆಗೆ ತೆಗೆದು ಬೇಯಿಸಿಡಿ.

ಕಾಫಿಯದು ಪ್ರಮಾಣದ ಪ್ರಶ್ನೆ. ಕೆಫೀನ್ ಕಿಲೊ ತೂಕಕ್ಕೆ 20 ಮಿಲಿಗ್ರಾಂ ಮುಟ್ಟಿದರೆ ನಾಯಿಯಲ್ಲಿ ಚಡಪಡಿಕೆ, ವಾಂತಿ ಶುರುವಾಗುತ್ತದೆ. 60ರ ಹೊತ್ತಿಗೆ ಸೆಳವು. ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಶೇಕಡಾ, ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಒಂದು ಗ್ರಾಂ ರೊಬಸ್ಟಾ ಪುಡಿಯಲ್ಲಿ 20 ಮಿಲಿಗ್ರಾಂ ಎಂದಾಯಿತು. ಐದು ಕಿಲೊದ ಮರಿ ಐದು ಗ್ರಾಂ ಪುಡಿ ನೆಕ್ಕಿದರೆ ಮೊದಲ ಗೆರೆ ದಾಟುತ್ತದೆ. ಫಿಲ್ಟರ್‌ನ ಚರಟದಲ್ಲೂ ಕೆಫೀನ್ ಉಳಿದಿರುತ್ತದೆ. ಹಾಲು, ಸಕ್ಕರೆ ತಾಗಿದ ಚರಟವನ್ನು ಗಿಡದ ಬುಡಕ್ಕೆ ಸುರಿದರೆ ಮರಿ ಬಿಡುವುದಿಲ್ಲ. ಚಾಕೊಲೇಟಿನ ಥಿಯೊಬ್ರೊಮಿನ್ ಇದರದ್ದೇ ಸೋದರ ರಾಸಾಯನಿಕ. ನಾಯಿಯ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಹದಿನೇಳು ಗಂಟೆಗೂ ಹೆಚ್ಚು ಬೇಕು, ಮನುಷ್ಯರಿಗೆ ಅದರ ಅರ್ಧದಷ್ಟು ಸಾಕು. ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಒಣದ್ರಾಕ್ಷಿ ಬೆರೆಸಿದ ಚಾಕೊಲೇಟಂತೂ ಎರಡು ಪಟ್ಟು ಅಪಾಯ. ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ನಿಲ್ಲಿಸಿಬಿಡುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಮನೆಯಲ್ಲಿ ವೈನ್ ಮಾಡುವವರು ಸೋಸಿದ ದ್ರಾಕ್ಷಿ ಗಸಿಯನ್ನು ಹೂತುಹಾಕಬೇಕು. ಸಕ್ಕರೆರಹಿತ ಚೂಯಿಂಗ್ ಗಮ್‌ನ ಕ್ಸೈಲಿಟಾಲ್ ಕೂಡ ಹೀಗೆಯೇ ಅಪಾಯಕಾರಿ, ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯುತ್ತದೆ.

ತೋಟದಲ್ಲಿ ಉದುರುವ ಬೆಣ್ಣೆಹಣ್ಣಿನ ಬಗ್ಗೆ ಇರುವ ಭಯ ಸ್ವಲ್ಪ ಹೆಚ್ಚೇ. ಅದರ ಪರ್ಸಿನ್ ವಿಷ ಹಕ್ಕಿ, ಆಡು, ಕುದುರೆಗಳಿಗೆ ಕೆಟ್ಟದ್ದು, ನಾಯಿ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ತೊಂದರೆ ಬೀಜದ್ದು, ನುಂಗಿದರೆ ಕರುಳಿಗೆ ಅಡ್ಡ ಕೂರುತ್ತದೆ. ಇದಕ್ಕಿಂತ ಎಷ್ಟೋ ಭಯಂಕರವಾದದ್ದು ಆಫ್ರಿಕನ್ ಬಸವನಹುಳುವನ್ನು ಕೊಲ್ಲಲು ತೌಡು, ಬೆಲ್ಲದಲ್ಲಿ ಕಲಸಿ ಇಡುವ ಮೆಟಾಲ್ಡಿಹೈಡ್ ವಿಷ. ಆ ವಾಸನೆಗೆ ನಾಯಿ ಹೋಗುತ್ತದೆ, ತಿಂದ ಕೆಲವೇ ಗಂಟೆಗಳಲ್ಲಿ ನಡುಕ, ವಿಪರೀತ ಜ್ವರ, ಸೆಳವು. ವಿಷದ ತಿನಿಸು ಇಟ್ಟ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕಲೇಬೇಕು, ಪಕ್ಕದ ತೋಟದವರಿಗೂ ಹೇಳಬೇಕು.

ಇಂಥದ್ದೇನಾದರೂ ತಿಂದದ್ದು ಕಂಡರೆ ಲಕ್ಷಣಕ್ಕೆ ಕಾಯಬೇಡಿ. ಏನು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು ಎಂಬ ನಾಲ್ಕು ವಿವರ ಬರೆದುಕೊಂಡು ಪಶುವೈದ್ಯರಿಗೆ ಫೋನ್ ಮಾಡಿ, ಪೊಟ್ಟಣ ಕೈಯಲ್ಲೇ ಇರಲಿ. ವಾಂತಿ ಮಾಡಿಸಿ ಪ್ರಯೋಜನ ಸಿಗುವುದು ಹೆಚ್ಚಾಗಿ ಮೊದಲ ಎರಡು ಗಂಟೆಯೊಳಗೆ, ಅದನ್ನು ಮಾಡಿಸಬೇಕೇ ಬೇಡವೇ ಎಂದು ಅವರೇ ಹೇಳಲಿ. ಉಪ್ಪುನೀರು ಕುಡಿಸುವ ಹಳೆಯ ಪದ್ಧತಿ ಬೇಡ, ರಕ್ತದಲ್ಲಿ ಸೋಡಿಯಂ ಏರಿ ಅದರಿಂದಲೇ ನಾಯಿ ಸಾಯಬಹುದು. ನಡುಕ ಶುರುವಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ನೇರ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ಒಳತೋಟಗಳಿಂದ ಪೇಟೆ ಮುಟ್ಟಲು ಒಂದು ಗಂಟೆ ಹಿಡಿಯುವುದುಂಟು, ಆದ್ದರಿಂದ ಹತ್ತಿರದ ಪಶುವೈದ್ಯರ ನಂಬರನ್ನು ಅಡುಗೆಮನೆಯ ಗೋಡೆಯ ಮೇಲೆ ಈಗಲೇ ಬರೆದಿಡಿ.