ಸೇಂಟ್ ಮಾರ್ಟಿನ್ ಹಬ್ಬದ ಕಾಗದದ ಲಾಂದ್ರ ಅಷ್ಟು ಹಳೆಯದಾ?

ಪ್ರಶ್ನೆ: ನಾವು ಜರ್ಮನಿಗೆ ಬಂದು ಒಂದು ವರ್ಷ ಆಯ್ತು. ನವೆಂಬರ್ 11ಕ್ಕೆ ಮಗಳ ಶಿಶುವಿಹಾರದವರು ಲಾಂದ್ರ ಹಿಡಿದು ಮೆರವಣಿಗೆ ಹೊರಡುತ್ತಾರೆ, ಕಾಗದದ ಲಾಂದ್ರ ಮನೆಯಲ್ಲೇ ಮಾಡಿ ತನ್ನಿ ಅಂದಿದ್ದಾರೆ. ಇದು ಮಧ್ಯಯುಗದಿಂದಲೂ ಬಂದ ಪದ್ಧತಿ ಅಂತಾರೆ, ಹೌದಾ?

ಹಬ್ಬ ಹೌದು, ಲಾಂದ್ರ ಅಲ್ಲ.

ಮಾರ್ಟಿನ್ 4ನೇ ಶತಮಾನದವನು. ಮೊದಲು ರೋಮನ್ ಸೈನಿಕ, ಆಮೇಲೆ ಫ್ರಾನ್ಸ್‌ನ ತೂರ್ ಊರಿನ ಬಿಷಪ್. ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತಾನು ಹೊದ್ದ ಬಟ್ಟೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಅಂತ ಕಥೆ. ಮೆರವಣಿಗೆಯಲ್ಲಿ ಕೆಂಪು ಹೊದಿಕೆ ಹೊದ್ದು ಕುದುರೆ ಮೇಲೆ ಒಬ್ಬರು ಬಂದರೆ, ಅದು ಅವನದೇ ವೇಷ. ಅವನನ್ನು ಮಣ್ಣು ಮಾಡಿದ್ದು 397ರ ನವೆಂಬರ್ 11ರಂದು.

ಆದರೆ ಮಧ್ಯಯುಗದ ರೈತನಿಗೆ ಆ ದಿನ ಅಂದರೆ ಭಕ್ತಿಗಿಂತ ಜಾಸ್ತಿ ಲೆಕ್ಕ ಚುಕ್ತಾ ಮಾಡುವ ದಿನ. ಸುಗ್ಗಿ ಮುಗಿದಿದೆ, ಒಡೆಯನಿಗೆ ಗೇಣಿ ಅಳೆಯಬೇಕು, ಆಳುಗಳ ವರ್ಷದ ಕರಾರು ಮುಗಿಯುತ್ತದೆ, ಚಳಿಗಾಲಕ್ಕೆ ಮೇವು ಸಾಲದು ಅಂತ ಒಂದಷ್ಟು ಪ್ರಾಣಿಗಳನ್ನು ಕಡಿಯುತ್ತಾರೆ. ಮರುದಿನದಿಂದ ಕ್ರಿಸ್‌ಮಸ್‌ವರೆಗೆ ಉಪವಾಸದ ಕಾಲ ಬೇರೆ, ಹಾಗಾಗಿ ಇವತ್ತೇ ಹೊಟ್ಟೆ ತುಂಬಾ ತಿನ್ನು. ಹೆಬ್ಬಾತಿನ ಊಟ ಬಂದಿದ್ದೂ ಹೀಗೇ. ಬಿಷಪ್ ಆಗಲು ಒಲ್ಲದೆ ಮಾರ್ಟಿನ್ ಹೆಬ್ಬಾತುಗಳ ನಡುವೆ ಅಡಗಿಕೊಂಡ, ಅವು ಕೂಗಿ ಹಿಡಿದುಕೊಟ್ಟವು ಅಂತ ಹೇಳುತ್ತಾರೆ. ಚೆಂದದ ಕಥೆ, ಆದರೆ ಗೇಣಿಯನ್ನೇ ಹೆಬ್ಬಾತು ಕೊಟ್ಟು ತೀರಿಸುತ್ತಿದ್ದರು ಅನ್ನುವುದು ನನಗೆ ಹೆಚ್ಚು ನಂಬಿಕೆಯಾಗುತ್ತದೆ.

ಇನ್ನು ಕಾಗದ. ಜರ್ಮನಿಯಲ್ಲಿ ಉಲ್ಮಾನ್ ಸ್ಟ್ರೋಮರ್ ಎಂಬ ವ್ಯಾಪಾರಿ ನ್ಯೂರೆಂಬರ್ಗ್ ಹತ್ತಿರ ಕಾಗದದ ಗಿರಣಿ ಶುರು ಮಾಡಿದ್ದು 1390ರಲ್ಲಿ. ಹಳೆ ನಾರುಬಟ್ಟೆಯ ಚಿಂದಿ ಕುಟ್ಟಿ ಕುಟ್ಟಿ ಮಾಡಿದ ದುಬಾರಿ ಕಾಗದ ಅದು. ಅದನ್ನು ಮಗುವಿನ ಕೈಗೆ ಕೊಟ್ಟು ಒಳಗೆ ದೀಪ ಹಚ್ಚು ಅಂತ ಯಾರು ಹೇಳುತ್ತಾರೆ? ಆಗೆಲ್ಲ ಊರ ಹೊರಗೆ ಬೆಂಕಿ ಹಾಕುತ್ತಿದ್ದರು. ಟರ್ನಿಪ್‌ನಂಥ ಗಡ್ಡೆ ಕೊರೆದು ಒಳಗೆ ದೀಪ ಇಡುವುದೂ ಇತ್ತು. 1840ರ ದಶಕದಲ್ಲಿ ಮರದ ತಿರುಳಿನಿಂದ ಕಾಗದ ಮಾಡುವುದನ್ನು ಕಂಡುಕೊಂಡ ಮೇಲೆ ಕಾಗದ ಅಗ್ಗವಾಗುತ್ತಾ ಬಂತು. ಈಗ ನೀವು ನೋಡುವಂಥ ಮಕ್ಕಳ ಮೆರವಣಿಗೆ ರೈನ್ ನದಿ ಸೀಮೆಯ ಊರುಗಳಲ್ಲಿ ಬೆಳೆದಿದ್ದು ಆ ಶತಮಾನದ ಕೊನೆಯಲ್ಲಿ.

ಸರಿ, ಮಾಡುವುದು ಹೇಗೆ? ಕಾಮೆಂಬೇರ್ ಚೀಸ್ ಬರುವ ದುಂಡು ಡಬ್ಬಿ ಇಟ್ಟುಕೊಳ್ಳಿ. ಕೆಳಗಿನ ಭಾಗ ತಳ, ಮುಚ್ಚಳದ ನಡುವೆ ಕತ್ತರಿಸಿ ತೆಗೆದರೆ ಮೇಲಿನ ಬಳೆ. ಡಬ್ಬಿಯ ಸುತ್ತಳತೆಯನ್ನು ದಾರದಿಂದ ಅಳೆದು, ಎರಡು ಬೆರಳು ಜಾಸ್ತಿ ಬಿಟ್ಟು ಡ್ರಾಯಿಂಗ್ ಹಾಳೆ ಕತ್ತರಿಸಿ. ಮಗಳು ಜಲವರ್ಣದಲ್ಲಿ ಏನು ಬೇಕಾದರೂ ಬಳಿಯಲಿ. ಬಣ್ಣ ಒಣಗಿದ ಮೇಲೆ ಹಿಂದಿನಿಂದ ಅಡುಗೆ ಎಣ್ಣೆ ಸವರಿ. ನಾರುಗಳ ಸಂದಿಯ ಗಾಳಿ ಇದ್ದ ಜಾಗಕ್ಕೆ ಎಣ್ಣೆ ಇಳಿಯುತ್ತದೆ, ಬೆಳಕು ಚದುರದೆ ಆಚೆ ಹಾಯುತ್ತದೆ. ನೋಡನೋಡುತ್ತಲೇ ಬಿಳಿ ಹಾಳೆ ಮಂಜುಗಾಜಿನ ಹಾಗಾಗುತ್ತದೆ. ಅಂಚಿಗೆ ಮಾತ್ರ ಎಣ್ಣೆ ತಾಗಿಸಬೇಡಿ, ಅಂಟು ಹಿಡಿಯುವುದಿಲ್ಲ. ನಾನು ಮೊದಲ ಸಲ ಪೂರ್ತಿ ಸವರಿ, ಕೊನೆಗೆ ಸ್ಟೇಪ್ಲರ್ ಹೊಡೆದೆ.

ರಾತ್ರಿಯಿಡೀ ಒಣಗಿಸಿ, ಅಂಟಿಸಿ, ತಂತಿ ಕಟ್ಟಿ ಕೋಲಿಗೆ ತೂಗುಹಾಕಿ. ಎಣ್ಣೆ ಕಾಗದಕ್ಕೆ ಮೇಣದ ಬತ್ತಿ ಖಂಡಿತ ಬೇಡ, ಬಲ್ಬ್ ಇರುವ ಬ್ಯಾಟರಿ ಕೋಲು ಅಂಗಡಿಯಲ್ಲಿ ಸಿಗುತ್ತದೆ. ನವೆಂಬರ್ ಅಲ್ವಾ, ಜಿನುಗು ಮಳೆ ಬಂದೀತು, ಆಗ ಈ ಎಣ್ಣೆ ಲಾಂದ್ರ ಉಳಿದವಕ್ಕಿಂತ ಸ್ವಲ್ಪ ಹೊತ್ತು ಜಾಸ್ತಿ ತಡೆಯುತ್ತದೆ.